ಹದಿನಾಲ್ಕನೇ ಹಾಸಿಗೆಯ ತೂಕ

ಫೆಬ್ರವರಿ 9, 1993

ಮಾನ್ಯ ಸಿಸ್ಟರ್ ಅವರಿಗೆ ನಮಸ್ಕಾರ.

ಗುರುತು ಪರಿಚಯ ಇಲ್ಲದವಳು ಬರೆಯುತ್ತಿದ್ದೇನೆ, ಬೇಸರಿಸಬೇಡಿ. ನಿಮ್ಮ ವಿಳಾಸ ಕೊಟ್ಟವರು ಪಿಂಚಣಿ ಕಚೇರಿಯ ಗುಮಾಸ್ತರು. ಮೂರು ಸಲ ಅಲೆಸಿದರು. ನಾಲ್ಕನೇ ಸಲ, "ತಗೊಳ್ಳಮ್ಮ, ನಿನ್ನ ಕಾಟ ತಪ್ಪಿದ್ರೆ ಸಾಕು" ಎಂದು ಚೀಟಿ ಬರೆದುಕೊಟ್ಟರು.

ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯದ ಇತಿಹಾಸದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಕ್ಷಯಕ್ಕೆ ಸರಿಯಾದ ಔಷಧ ಬರುವ ಮುಂಚೆ ಬರೀ ಗಾಳಿ, ಬಿಸಿಲು, ಹಾಲು, ಮೊಟ್ಟೆ, ವಿಶ್ರಾಂತಿಯ ಮೇಲೆ ನಡೆಯುತ್ತಿದ್ದ ಗುಡ್ಡದ ಆಸ್ಪತ್ರೆಯೇ ನನ್ನ ವಿಷಯ. ನೀವು ಅಲ್ಲಿ ಹೆಂಗಸರ ವಾರ್ಡಿನಲ್ಲಿ ಆರು ವರ್ಷ ಇದ್ದಿರಿ ಎಂದು ನಿಮ್ಮ ಸೇವಾ ಪುಸ್ತಕ ಹೇಳುತ್ತದೆ.

ಆ ಚಿಕಿತ್ಸೆಯಿಂದ ನಿಜಕ್ಕೂ ಗುಣವಾಗುತ್ತಿತ್ತೇ? ಉತ್ತರ ಹೇಳುವ ಕಾಗದಗಳು ಬೇಕಾದಷ್ಟಿವೆ, ನಂಬುವಂಥವು ಕಡಿಮೆ. ದೊಡ್ಡ ಡಾಕ್ಟರ ವಾರ್ಷಿಕ ವರದಿಗಳಲ್ಲಿ ಎಲ್ಲರೂ ಚೇತರಿಸಿಕೊಳ್ಳುತ್ತಾರೆ; ಅವರಿಗೆ ಮೇಲಿನವರ ಮೆಚ್ಚುಗೆ ಬೇಕಿತ್ತು. ರೋಗಿಗಳು ಮನೆಗೆ ಬರೆದ ಪತ್ರಗಳಲ್ಲಿ ಎಲ್ಲರೂ ಸಾಯುತ್ತಿರುತ್ತಾರೆ. ಅವರಿಗೆ ಮನೆಯವರು ಬಂದು ನೋಡುವುದು ಬೇಕಿತ್ತು. ಹೀಗೆ ತಲೆ ಕೆಟ್ಟು ಕೂತಿದ್ದಾಗ ದಾಖಲೆ ಕೋಣೆಯ ಕಪಾಟಿನ ಹಿಂದೆ ಬಿದ್ದಿದ್ದ ಒಂದು ಉದ್ದನೆಯ ಪುಸ್ತಕ ಸಿಕ್ಕಿತು. ಹೆಂಗಸರ ವಾರ್ಡಿನ ತೂಕದ ಪುಸ್ತಕ, 1947ರಿಂದ 49. ಪ್ರತಿ ಸೋಮವಾರ ನಲವತ್ತು ಹಾಸಿಗೆ, ನಲವತ್ತು ಅಂಕಿ. ರೋಗಿಯ ಹೆಸರಿಲ್ಲ, ಹಾಸಿಗೆಯ ನಂಬರು ಮಾತ್ರ. ಉದ್ದಕ್ಕೂ ಒಂದೇ ಕೈಬರಹ, ಒಂದು ಚಿತ್ತಿಲ್ಲ. ನಲವತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯ ತೂಕ ಏರುತ್ತಾ ಹೋಗುತ್ತದೆ.

ಅಂಕಿಗೆ ಜಂಬವಿಲ್ಲ, ಅಳುವೂ ಬರುವುದಿಲ್ಲ. ನನ್ನ ಇಡೀ ಪ್ರಬಂಧವನ್ನು ಈ ಪುಸ್ತಕದ ಮೇಲೆ ನಿಲ್ಲಿಸಬೇಕೆಂದಿದ್ದೇನೆ. ಅದಕ್ಕೇ ಕೇಳುತ್ತಿದ್ದೇನೆ: ತೂಗುತ್ತಿದ್ದವರು ಯಾರು? ಯಂತ್ರ ಎಂಥದ್ದು? ಬಟ್ಟೆಯ ಸಮೇತ ತೂಗುತ್ತಿದ್ದಿರಾ?

ವಿಶ್ವಾಸಿ,
ಇತಿಹಾಸ ವಿಭಾಗದ ಸಂಶೋಧಕಿ


ಮಾರ್ಚ್ 2, 1993

ಸಂಶೋಧಕಿಯವರಿಗೆ,

ನಿಮ್ಮ ಪತ್ರ ಬಂತು. ಆ ಗುಮಾಸ್ತರು ನನಗೂ ಪರಿಚಿತರೇ. ವರ್ಷಕ್ಕೊಮ್ಮೆ ಅವರೆದುರು ಹೋಗಿ, ನಾನಿನ್ನೂ ಬದುಕಿದ್ದೇನೆ ಎಂದು ರುಜುವಾತು ಮಾಡಬೇಕು. ಎದುರು ನಿಂತು ಕೆಮ್ಮಿದರೂ ಸಾಲದು, ಕಾಗದ ಬೇಕು. ಹೋದ ವರ್ಷ ಕಾಗದ ಮರೆತು ಹೋಗಿದ್ದೆ. "ಹಾಗಾದ್ರೆ ನೀವು ಇಲ್ಲ" ಎಂದರು.

ಪುಸ್ತಕ ನನ್ನದೇ, ಅಕ್ಷರವೂ ನನ್ನದೇ. ಸೋಮವಾರ ಬೆಳಿಗ್ಗೆ ಏಳಕ್ಕೆ, ಹಾಲು ಕೊಡುವ ಮುಂಚೆ ತೂಗುತ್ತಿದ್ದೆವು. ಯಂತ್ರ ವರಾಂಡದ ಕೊನೆಯಲ್ಲಿತ್ತು. ಹಲಗೆಯ ಮೇಲೆ ನಿಂತರೆ ದಂಡಿಗೆಯ ಮೇಲೆ ಗುಂಡು ಜರುಗಿಸಿ ನೋಡುವಂಥದ್ದು. ಬರಿಗಾಲು, ಮೈಮೇಲೆ ಒಂದು ನೂಲಿನ ಅಂಗಿ. ಚಳಿಗಾಲದಲ್ಲಿ ಶಾಲು ಹೊದ್ದು ಬಂದರೆ ಬಿಚ್ಚಿಸುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ಒಬ್ಬಳು ತೂಕ ಹೆಚ್ಚು ತೋರಲಿ ಎಂದು ಎರಡು ಲೋಟ ನೀರು ಕುಡಿದು ಬಂದು, ನನ್ನೆದುರೇ ಬಿಕ್ಕಳಿಸಿ ಸಿಕ್ಕಿಬಿದ್ದಿದ್ದಳು.

ಈಗ ನಾನು ಒಬ್ಬ ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿದ್ದೇನೆ. ಹೊಲಿಗೆ ಯಂತ್ರದ ಸದ್ದು ನೆಲದಿಂದ ಕಾಲಿಗೆ ಏರುತ್ತದೆ. ಒಂದು ಕಣ್ಣಿಗೆ ಪೊರೆ ಬಂದಿದೆ. ಇಷ್ಟು ಬರೆಯಲು ಎರಡು ದಿನ ಹಿಡಿಯಿತು.

ಒಂದು ಮಾತು. ತೂಕದ ಪುಸ್ತಕವನ್ನು ತೀರಾ ತಲೆ ಮೇಲೆ ಹೊತ್ತುಕೊಳ್ಳಬೇಡಿ. ಗಂಡಸರ ವಾರ್ಡಿನದೂ ಇರಬೇಕು, ಹುಡುಕಿ.

ಹಳೆಯ ಸಿಸ್ಟರ್


ಮಾರ್ಚ್ 20, 1993

ಪ್ರಿಯ ಸಿಸ್ಟರ್,

ನಿಮ್ಮ ಪತ್ರವನ್ನು ನನ್ನ ಮಾರ್ಗದರ್ಶಕರಿಗೆ ಓದಿ ಹೇಳಿದೆ. ಬಿಕ್ಕಳಿಸಿದವಳ ಕಥೆಗೆ ಅವರು ನಕ್ಕರು. ಅವರು ನಕ್ಕಿದ್ದನ್ನು ವಿಭಾಗದಲ್ಲಿ ಯಾರೂ ನಂಬುತ್ತಿಲ್ಲ. "ನೀರು ಕುಡಿದವಳನ್ನ ಹಿಡಿಯೋರು ಬರೆದ ಪುಸ್ತಕ ಅಂದ್ರೆ ಗಟ್ಟಿ ಆಧಾರ ಕಣಮ್ಮ" ಎಂದರು.

ಗಂಡಸರ ವಾರ್ಡಿನ ಪುಸ್ತಕ ಗೆದ್ದಲಿಗೆ ಆಹಾರವಾಗಿದೆ. ನಿಮ್ಮದೊಂದೇ ಉಳಿದಿರುವುದು.

ಒಂದು ಸಣ್ಣ ಅನುಮಾನ. ಹಳೆಯ ರಸೀತಿಗಳ ಕಟ್ಟಿನಲ್ಲಿ ಯಂತ್ರ ರಿಪೇರಿಯ ಚೀಟಿ ಸಿಕ್ಕಿತು. 1948ರ ಆಗಸ್ಟ್ 28ರಂದು ಯಂತ್ರ ಪೇಟೆಗೆ ಹೋಗಿ, ಅಕ್ಟೋಬರ್ 1ಕ್ಕೆ ವಾಪಸು ಬಂದಿದೆ. ನಡುವೆ ಐದು ಸೋಮವಾರ. ಆದರೆ ಪುಸ್ತಕದಲ್ಲಿ ಆ ಐದೂ ಸೋಮವಾರ ನಲವತ್ತೂ ಅಂಕಿಗಳಿವೆ. ಬೇರೆ ಯಂತ್ರ ತಂದಿದ್ದಿರಾ? ಅಡಿಟಿಪ್ಪಣಿಯಲ್ಲಿ ಒಂದು ಸಾಲು ಹಾಕಬೇಕು, ಅಷ್ಟೇ.

ಇದರೊಂದಿಗೆ ನನ್ನ ಅಧ್ಯಾಯದ ಒಂದು ಪುಟ ಇಟ್ಟಿದ್ದೇನೆ. ಉದಾಹರಣೆಗೆ ಹದಿನಾಲ್ಕನೇ ಹಾಸಿಗೆಯನ್ನು ಆರಿಸಿಕೊಂಡಿದ್ದೇನೆ. ಹದಿನೆಂಟು ವರ್ಷದ ಹುಡುಗಿ. ಆಗಸ್ಟ್ 9ಕ್ಕೆ ಎಂಬತ್ತಮೂರು ಪೌಂಡ್, ಅಕ್ಟೋಬರ್ 25ಕ್ಕೆ ತೊಂಬತ್ತನಾಲ್ಕು. ಹನ್ನೊಂದು ವಾರದಲ್ಲಿ ಹನ್ನೊಂದು ಪೌಂಡ್! ಎರಡು ದಿನ ಬಿಟ್ಟು 'ಸಂಬಂಧಿಕರ ಕೋರಿಕೆಯ ಮೇರೆಗೆ ಬಿಡುಗಡೆ'. ಮನೆಗೆ ಹೋದ ಹತ್ತೊಂಬತ್ತನೇ ದಿನಕ್ಕೆ ತೀರಿಕೊಂಡಳು. 'ಔಷಧವಿಲ್ಲದ ಕಾಲದಲ್ಲೂ ಕೈಗೆ ಬಂದಿದ್ದ ಜೀವವೊಂದು ಮನೆಯವರ ಅವಿವೇಕಕ್ಕೆ ಬಲಿಯಾಯಿತು' ಎಂದು ಬರೆದಿದ್ದೇನೆ. ಮಾತು ಖಾರವಾಯಿತೇನೋ. ಆದರೆ ಅಂಕಿಗಳು ಹಾಗೇ ಹೇಳುತ್ತಿವೆ.

ಈ ಹುಡುಗಿ ನಿಮಗೆ ನೆನಪಿದ್ದಾಳೆಯೇ?

ನಿಮ್ಮ ಸಂಶೋಧಕಿ


ಏಪ್ರಿಲ್ 6, 1993

ಸಂಶೋಧಕಿಯವರಿಗೆ,

ಕಣ್ಣಿನ ಆಪರೇಷನ್ ಇದೆ. ಹೆಚ್ಚು ಬರೆಯಲಾರೆ.

ಅಡುಗೆಮನೆಯ ತಕ್ಕಡಿ ತಂದಿರಬಹುದು. ನೆನಪಿಲ್ಲ. ಹದಿನಾಲ್ಕನೇ ಹಾಸಿಗೆಯೂ ನೆನಪಿಲ್ಲ.

ಮನೆಯವರ ಬಗ್ಗೆ ಬರೆದಿರುವ ಆ ವಾಕ್ಯ ತೆಗೆದುಹಾಕಿ.

ಸಿಸ್ಟರ್


ಜೂನ್ 27, 1993

ಪ್ರಿಯ ಸಿಸ್ಟರ್,

ಕಣ್ಣು ಈಗ ಹೇಗಿದೆ? ನಿಮ್ಮ ನಾಲ್ಕು ಸಾಲು ಓದಿ ಮೊದಲು ಸಿಟ್ಟು ಬಂತು. ಆಮೇಲೆ ಎರಡು ತಿಂಗಳು ಆ ಅಧ್ಯಾಯವನ್ನು ಮುಟ್ಟಲಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ನಲವತ್ತು ಹೆಂಗಸರನ್ನು ಹೇಗೆ ತೂಗಿದಿರಿ ಎಂದು ಕೇಳಬೇಕೆಂದಿದ್ದೆ. ಕೇಳುವ ಮುಂಚೆ ನಾನು ಬಚ್ಚಿಟ್ಟದ್ದನ್ನು ಹೇಳಬೇಕು.

ಹದಿನಾಲ್ಕನೇ ಹಾಸಿಗೆಯಲ್ಲಿದ್ದವಳು ನನ್ನ ಸೋದರತ್ತೆ. ಅಪ್ಪನ ಒಬ್ಬಳೇ ತಂಗಿ. ಅವಳನ್ನು ಗುಡ್ಡದಿಂದ ಕರೆತಂದವರು ನನ್ನ ಅಪ್ಪ. ಆಗ ಅವರಿಗೆ ಇಪ್ಪತ್ತೆರಡು.

ಆಸ್ಪತ್ರೆಯಿಂದ ಕೊಟ್ಟ ಬಿಡುಗಡೆ ಚೀಟಿಯನ್ನು ನನ್ನ ಅಜ್ಜಿ ಸಾಯುವ ತನಕ ಟ್ರಂಕಿನಲ್ಲಿಟ್ಟುಕೊಂಡಿದ್ದರು. ಹಾಸಿಗೆ ನಂಬರು, ತಾರೀಕು, ತೂಕ ತೊಂಬತ್ತನಾಲ್ಕು ಪೌಂಡ್. ಮನೆಯಲ್ಲಿ ಯಾವ ಜಗಳ ಎಲ್ಲಿಂದ ಶುರುವಾಗಲಿ, ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಆ ಚೀಟಿಗೇ. "ಚಿಗುರ್ತಿದ್ದ ಗಿಡಾನ ಬೇರು ಸಮೇತ ಕಿತ್ಕೊಂಡು ಬಂದ ಇವ್ನು" ಎನ್ನುತ್ತಿದ್ದರು ಅಜ್ಜಿ. ಅಪ್ಪ ತಟ್ಟೆ ಬಿಟ್ಟು ಏಳುತ್ತಿದ್ದರು. ಒಂದು ದಿನವೂ ಎದುರು ಮಾತಾಡಿದ್ದು ನಾನು ಕೇಳಿಲ್ಲ.

ನಿಜ ಹೇಳಬೇಕೆಂದರೆ, ಅಪ್ಪನನ್ನು ಬಿಡಿಸುವ ಏನಾದರೂ ಸಿಗುತ್ತದೆಂದು ನಾನು ಈ ವಿಷಯ ಆರಿಸಿಕೊಂಡೆ. ಸಿಕ್ಕ ಪುಸ್ತಕ ಅಜ್ಜಿಯ ಮಾತಿಗೇ ಮುದ್ರೆ ಒತ್ತಿತು. ಅವಳು ವಾರವಾರವೂ ಚೇತರಿಸಿಕೊಳ್ಳುತ್ತಿದ್ದಳು, ಅಪ್ಪ ಕಿತ್ತು ತಂದರು. 'ಅವಿವೇಕ' ಎಂದು ಬರೆದದ್ದು ಕೂಡ ಅದಕ್ಕೇ. ನಾನು ಮನೆಯವರ ಪಕ್ಷ ವಹಿಸಿಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು.

ಅಪ್ಪನಿಗೆ ಪುಸ್ತಕದ ವಿಷಯ ಹೇಳಿಲ್ಲ. ಆ ವಾಕ್ಯ ತೆಗೆಯಿರಿ ಎಂದಿರಲ್ಲ, ಯಾಕೆ ಹಾಗೆ ಹೇಳಿದಿರಿ?


ಜುಲೈ 15, 1993

ಮಗೂ,

ಕಣ್ಣು ಈಗ ಚೆನ್ನಾಗಿ ಕಾಣುತ್ತಿದೆ. ಕಾಣದಿದ್ದರೆ ವಾಸಿಯಿತ್ತು ಅನ್ನಿಸಿದ್ದು ನಿನ್ನ ಪತ್ರ ಓದಿದಾಗ.

ಆ ಪುಸ್ತಕ ಸುಳ್ಳು. ಪೂರ್ತಿ ಅಲ್ಲ, ಸುಮಾರು ಕಾಲು ಭಾಗ. ಯಾವ ಕಾಲು ಭಾಗ ಎಂದು ಈಗ ನನಗೂ ಹೇಳಲಾಗುವುದಿಲ್ಲ.

ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು. ಸತತ ಮೂರು ವಾರ ತೂಕ ಇಳಿದವರನ್ನು 'ಪ್ರಯೋಜನವಿಲ್ಲ' ಎಂಬ ಪಟ್ಟಿಗೆ ಸೇರಿಸಿ ಬುಧವಾರದ ವ್ಯಾನಿನಲ್ಲಿ ಊರಿಗೆ ಕಳಿಸುತ್ತಿದ್ದರು. ಇದ್ದದ್ದು ನಲವತ್ತೇ ಹಾಸಿಗೆ. ಉಳಿಯುವವರಿಗೆ ಕೊಡಬೇಕು ಎನ್ನುವುದು ದೊಡ್ಡ ಡಾಕ್ಟರ ಲೆಕ್ಕ. ತಪ್ಪು ಲೆಕ್ಕ ಅಂತ ನಾನು ಹೇಳಲಾರೆ. ಆದರೆ ವ್ಯಾನು ಹತ್ತಿಸುವವಳು ನಾನು. ಒಬ್ಬಳು ಸೀಟಿನ ಕಂಬಿ ಹಿಡಿದು, "ಸಿಸ್ಟರ್, ಇನ್ನೊಂದೇ ವಾರ ನೋಡಿ, ತಿಂತೀನಿ" ಎಂದಳು. ಮುಂದಿನ ಸೋಮವಾರ ಇನ್ನೊಬ್ಬಳ ತೂಕ ಮೂರನೇ ಸಲ ಇಳಿದಾಗ ನಾನು ಅರ್ಧ ಪೌಂಡ್ ಏರಿಸಿ ಬರೆದೆ.

ಆಮೇಲೆ ಕೈಗೆ ಅಭ್ಯಾಸವಾಯಿತು. ಯಾವ ಹೊತ್ತಿನಲ್ಲಿ ನೋಡಿದರೂ ಹತ್ತು ಹನ್ನೆರಡು ಮಂದಿ ನನ್ನ ಅಂಕಿಯ ಮೇಲೆ ಇರುತ್ತಿದ್ದರು. ದೊಡ್ಡ ಡಾಕ್ಟರು ತಿಂಗಳ ಕೊನೆಗೆ ಬಂದು, ಪುಸ್ತಕ ನೋಡಿ, "ಗಾಳಿ ಕೆಲಸ ಮಾಡ್ತಿದೆ" ಎನ್ನುತ್ತಿದ್ದರು. ಯಂತ್ರದ ಹತ್ತಿರ ಅವರು ಯಾವತ್ತೂ ಬರಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಯಂತ್ರ ರಿಪೇರಿಗೆ ಹೋದ ಆ ಐದು ವಾರ ನಲವತ್ತೂ ಅಂಕಿಗಳನ್ನು ಕುರ್ಚಿಯಲ್ಲಿ ಕೂತೇ ಬರೆದೆ. ಯಂತ್ರವಿಲ್ಲ ಎಂದು ಖಾಲಿ ಬಿಡಬಹುದಿತ್ತು. ಖಾಲಿ ಬಿಟ್ಟರೆ ಯಾರಾದರೂ ಬಂದು ನೋಡುತ್ತಾರಲ್ಲ.

ಗೇಟಿನ ಹೊರಗೆ ಹಾಸಿಗೆಗಾಗಿ ಕಾಯುವವರು ಬಂದು ಕೂರುತ್ತಿದ್ದರು. ನಾನು ಒಬ್ಬಳನ್ನು ಉಳಿಸಿಕೊಂಡಾಗಲೆಲ್ಲ ಅಲ್ಲಿ ಒಬ್ಬಳು ವಾಪಸು ಹೋಗಿರಬೇಕು. ಅವರ ಕಡೆ ನಾನು ನೋಡುತ್ತಿರಲಿಲ್ಲ. ಅವರ ತೂಕ ಯಾವ ಪುಸ್ತಕದಲ್ಲೂ ಇಲ್ಲ.

ನಿನ್ನ ಸೋದರತ್ತೆ ಒಂದು ವಾರವೂ ಏರಲಿಲ್ಲ. ಯಂತ್ರ ವಾಪಸು ಬಂದ ಮೇಲೆ ನಿಲ್ಲಿಸಿ ನೋಡಿದಾಗ ನನಗೇ ಭಯವಾಯಿತು. ಬಿಡುಗಡೆ ಚೀಟಿಗೆ ಪುಸ್ತಕದ ಅಂಕಿಯನ್ನೇ ಬರೆಯಬೇಕಲ್ಲ, ಇಲ್ಲದಿದ್ದರೆ ಎಲ್ಲ ಬಯಲಾಗುತ್ತದೆ. ಬರೆದೆ. ನಿನ್ನ ತಂದೆಯ ಕೈಗೆ ಆ ಚೀಟಿ ಕೊಟ್ಟವಳೂ ನಾನೇ.

ಮಾರ್ಚಿನಲ್ಲಿ ಯಾಕೆ ಮುಚ್ಚಿಟ್ಟೆ ಎಂದರೆ, ನನ್ನ ಗೋಡೆಯ ಮೇಲೆ ಆ ವಾರ್ಡಿನ ಕೆಲಸಕ್ಕೆ ಕೊಟ್ಟ ಪ್ರಶಂಸಾಪತ್ರವಿದೆ. ಬಂದವರಿಗೆಲ್ಲ ತೋರಿಸಿದ್ದೇನೆ. ಕೆಳಗಿನ ದರ್ಜಿ ಅದಕ್ಕೆ ಪುಕ್ಕಟೆ ಕಟ್ಟು ಹಾಕಿಸಿಕೊಟ್ಟ.

ನಿನ್ನ ತಂದೆಗೆ ಹೇಳು. ಅವರು ಯಾರನ್ನೂ ಕೊಲ್ಲಲಿಲ್ಲ.


ಆಗಸ್ಟ್ 4, 1993

ಪ್ರಿಯ ಸಿಸ್ಟರ್,

ನಿಮ್ಮ ಪತ್ರ ಬಂದ ದಿನವೇ ಮನೆಗೆ ಓಡಬೇಕು ಅನ್ನಿಸಿತು. ಚಪ್ಪಲಿ ಹಾಕಿಕೊಂಡು ಬಾಗಿಲ ತನಕ ಹೋದೆ. ಅಲ್ಲಿಂದ ವಾಪಸು ಬಂದು ಕೂತೆ. ಈಗ ಬರೆಯುವುದು ನಿಮಗೆ ನೋವು ಮಾಡುತ್ತದೆ. ಆದರೂ ಬರೆಯಬೇಕು.

ನಿಮ್ಮ ಮೂರು ಪತ್ರಗಳನ್ನು ಸಾಲಾಗಿ ಇಟ್ಟು ನೋಡಿದೆ. ಮಾರ್ಚಿನಲ್ಲಿ ಪುಸ್ತಕ ಸರಿ. ಏಪ್ರಿಲಿನಲ್ಲಿ ಹದಿನಾಲ್ಕನೇ ಹಾಸಿಗೆ ನೆನಪೇ ಇಲ್ಲ. ಜುಲೈಯಲ್ಲಿ, ಅವಳು ನನ್ನ ಅತ್ತೆ, ಅಪ್ಪ ಆ ಕೊರಗಿನಲ್ಲಿ ಮುದುಕರಾದರು ಎಂದು ತಿಳಿದ ಮೇಲೆ, ಎಲ್ಲವೂ ನೆನಪಿದೆ.

ಯಂತ್ರ ಇಲ್ಲದ ಐದು ವಾರದ ಅಂಕಿಗಳು ಹುಸಿ ಎನ್ನುವುದಕ್ಕೆ ರಿಪೇರಿ ಚೀಟಿಯ ಸಾಕ್ಷಿ ಇದೆ. ಅದನ್ನು ನಂಬುತ್ತೇನೆ. ಆದರೆ ಅತ್ತೆಯ ತೂಕ ನಿಜವಾಗಿ ಇಳಿಯುತ್ತಿತ್ತು ಎನ್ನುವುದಕ್ಕೆ ನಿಮ್ಮ ಮಾತೊಂದೇ ಆಧಾರ. ಕರುಳು ಚುರುಕ್ಕೆಂದಾಗ ಅರ್ಧ ಪೌಂಡ್ ಏರಿಸಿದವರು ನೀವು. ಈಗ ನನ್ನ ಅಪ್ಪನಿಗಾಗಿ ಹತ್ತು ಪೌಂಡ್ ಇಳಿಸುತ್ತಿಲ್ಲ ಎಂದು ನಾನು ಹೇಗೆ ತಿಳಿಯಲಿ?

ಇದನ್ನು ಹೀಗೇ ಅಪ್ಪನ ಕೈಗಿಟ್ಟರೆ ಅವರು ನಂಬಿಬಿಡುತ್ತಾರೆ. ನನಗೆ ಬೇಕಾದದ್ದೂ ಅದೇ. ಅದಕ್ಕೇ ನನಗೆ ಹೆದರಿಕೆ. ನೀವು ಬರೆಯದ ಯಾವುದಾದರೂ ಆಧಾರ ಇದೆಯೇ?


ಆಗಸ್ಟ್ 19, 1993

ಮಗೂ,

ಎರಡು ದಿನ ನಿನ್ನ ಮೇಲೆ ಸಿಟ್ಟಾಗಿದ್ದೆ. ದರ್ಜಿಯ ಹೆಂಡತಿಗೆ ಇಂಜೆಕ್ಷನ್ ಚುಚ್ಚುವಾಗ ಸ್ವಲ್ಪ ಜೋರಾಗಿ ಚುಚ್ಚಿದೆನಂತೆ. "ಯಾರ ಮೇಲಿನ ಸಿಟ್ಟು ನನ್ನ ಮೇಲೆ ಸಿಸ್ಟರ್?" ಎಂದಳು. ಮೂರನೇ ದಿನ ನಗು ಬಂತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಆ ಕಾಲದಲ್ಲಿ ನಿನ್ನಂಥವಳು ಒಬ್ಬಳು ಬಂದು ಯಂತ್ರದ ಪಕ್ಕ ನಿಂತಿದ್ದರೆ ನಾನು ಒಂದೇ ವಾರದಲ್ಲಿ ಸಿಕ್ಕಿಬೀಳುತ್ತಿದ್ದೆ.

ಆಧಾರ ಎಲ್ಲಿಂದ ತರಲಿ? ಡಾಕ್ಟರು ತೀರಿಕೊಂಡರು. ಎಕ್ಸ್-ರೇ ಫಿಲ್ಮುಗಳನ್ನು ಅದರಲ್ಲಿನ ಬೆಳ್ಳಿಗಾಗಿ ತೊಳೆದು ಮಾರಿದರು. ವಾರ್ಡಿನಲ್ಲಿದ್ದ ಇನ್ನೊಬ್ಬ ಸಿಸ್ಟರಿಗೆ ಈಗ ತನ್ನ ಹೆಸರೇ ಮರೆತಿದೆ.

ಆದರೆ ಅವಳ ತೂಕ ಬಲ್ಲವರು ಇನ್ನೊಬ್ಬರಿದ್ದಾರೆ. ವ್ಯಾನು ಬರುತ್ತಿದ್ದದ್ದು ಪಟ್ಟಿಯಲ್ಲಿದ್ದವರಿಗೆ ಮಾತ್ರ. ಸಂಬಂಧಿಕರು ತಾವಾಗಿ ಕರೆದೊಯ್ದರೆ ವ್ಯಾನು ಕೊಡುತ್ತಿರಲಿಲ್ಲ. ಗೇಟಿನಿಂದ ಕೆಳಗಿನ ರಸ್ತೆಗೆ ಒಂದೂವರೆ ಮೈಲಿ ಇಳಿಜಾರು. ನಿನ್ನ ತಂದೆ ಅವಳನ್ನು ಹೇಗೆ ಕರೆದೊಯ್ದರು? ಅವರನ್ನೇ ಕೇಳು. ನನ್ನ ಪತ್ರ ಮೊದಲು ತೋರಿಸಬೇಡ.

ಇದರ ಜೊತೆ ಒಂದು ಸಣ್ಣ ಲಕೋಟೆ ಇದೆ, ಅಂಟಿಸಿದ್ದೇನೆ. ಕೊನೆಯ ಸೋಮವಾರ ಯಂತ್ರ ತೋರಿಸಿದ ತೂಕ ಅದರಲ್ಲಿದೆ. ನಾನು ಬರೆದದ್ದಕ್ಕೂ ಕಂಡದ್ದಕ್ಕೂ ಅಷ್ಟು ಅಂತರ ಬೇರೆ ಯಾವತ್ತೂ ಇರಲಿಲ್ಲ, ಅದಕ್ಕೇ ಮರೆತಿಲ್ಲ. ನಿನ್ನ ತಂದೆಯ ಮಾತು ಕೇಳಿದ ಮೇಲೆ ಒಡೆ.


ಸೆಪ್ಟೆಂಬರ್ 12, 1993

ಪ್ರಿಯ ಸಿಸ್ಟರ್,

ಮನೆಗೆ ಹೋಗಿ ನಾಲ್ಕು ದಿನ ಬಾಯಿ ಬರಲಿಲ್ಲ. ಐದನೇ ದಿನ ಸಂಜೆ ಅಪ್ಪ ಹಿತ್ತಲ ಮೆಟ್ಟಿಲ ಮೇಲೆ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಆಡಿದ ಮಾತನ್ನು ಆಗಲೇ ಒಳಗೆ ಹೋಗಿ ಬರೆದಿಟ್ಟುಕೊಂಡೆ. ಹಾಗೇ ಕೊಡುತ್ತಿದ್ದೇನೆ.

"ಅಪ್ಪಾ, ಅತ್ತೇನ ಗುಡ್ಡದಿಂದ ಹೇಗೆ ಕರ್ಕೊಂಡು ಬಂದ್ರಿ?"

ಕೈ ನಿಂತಿತು. "ಯಾಕೆ ಈಗ?"

"ನನ್ನ ಬರವಣಿಗೆಗೆ ಬೇಕು."

"ಗೇಟಿನ ತನಕ ಬಾಡಿಗೆ ಗಾಡಿ ಬರ್ತಿರ್ಲಿಲ್ಲ. ಕೆಳಗಿನ ರಸ್ತೆ ತನಕ ಎತ್ಕೊಂಡು ಬಂದೆ."

"ನಡುವೆ ಎಷ್ಟು ಸಲ ಇಳಿಸಿದ್ರಿ?"

"ಇಳಿಸ್ಲಿಲ್ಲ." ಚೈನಿಗೆ ಇನ್ನೊಂದು ಹನಿ ಎಣ್ಣೆ ಬಿಟ್ಟರು. "ಇಳಿಸೋ ಅಷ್ಟು ಭಾರ ಎಲ್ಲಿತ್ತು?"

ಅಪ್ಪ ಆಗ ಧಾನ್ಯದ ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದರು. ಅದನ್ನು ನಿಮಗೆ ಹೇಳಿರಲಿಲ್ಲ.

"ಎಪ್ಪತ್ತೈದು ಪೌಂಡಿನ ಸಣ್ಣ ಚೀಲ ಬರ್ತಿತ್ತು. ದಿನಕ್ಕೆ ಇನ್ನೂರು ಎತ್ತುತಿದ್ದೆ. ಅವ್ಳು ಅದಕ್ಕಿಂತ ಹಗುರ."

"ಚೀಟೀಲಿ ತೊಂಬತ್ನಾಲ್ಕು ಅಂತಿತ್ತಲ್ಲ?"

"ಅದಕ್ಕೇ ಸುಮ್ಮನಾದೆ. ಓದಿದೋರು, ಯಂತ್ರ ಇಟ್ಟು ತೂಗಿ ಬರ್ದಿದಾರೆ. ನಾನು ಮೂಟೆ ಹೊರೋನು. ಅವಳನ್ನ ಮಣ್ಣು ಮಾಡಿ ಬಂದ ಮೇಲೆ, ಗೋಡೌನಲ್ಲಿ ತೊಂಬತ್ನಾಲ್ಕು ಪೌಂಡ್ ಸರಿಯಾಗಿ ತೂಗಿ, ಚೀಲ ಕಟ್ಟಿ, ಎತ್ಕೊಂಡು ಓಡಾಡಿ ನೋಡ್ದೆ. ಕೈ ಕೆಟ್ಟಿದೆಯೇನೋ ಅಂತ."

"ಕೆಟ್ಟಿತ್ತಾ?"

"ಇಲ್ಲ. ಆದ್ರೂ ಚೀಟೀಲಿ ಬರ್ದಿತ್ತಲ್ಲ."

"ಅಜ್ಜಿಗೆ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು?"

ಆಮೇಲೆ ನಿಮ್ಮ ಲಕೋಟೆ ಒಡೆದೆ. 'ಎಪ್ಪತ್ತು. ಒಂದೆರಡು ಆಚೆ ಈಚೆ' ಎಂದು ಬರೆದಿದ್ದಿರಿ.

ಅಪ್ಪನ ಮಾತಿಗೂ ಅವರದೇ ಆಸೆಯ ಬಣ್ಣ ಇರಬಹುದು. ಆದರೆ ಅವರು ನಿಮ್ಮ ಪತ್ರ ನೋಡದೆ ಹೇಳಿದರು, ನೀವು ಅವರ ಮಾತು ಕೇಳದೆ ಬರೆದಿರಿ. ನನಗೆ ಇಷ್ಟು ಸಾಕು. ನಿಮ್ಮ ಜುಲೈ ಪತ್ರವನ್ನು ಅವರ ಕೈಗೆ ಕೊಟ್ಟೆ.

ಎರಡು ಸಲ ಓದಿದರು. ಹೋಗಿ ಮುಖ ತೊಳೆದು ಬಂದರು. "ಅಂಗೈ ಹುಣ್ಣಿಗೆ ಕನ್ನಡಿ ಹುಡುಕ್ತಾ ನಲವತ್ತೈದು ವರ್ಷ ಕಳೆದೆ ನೋಡು" ಎಂದರು. ಹಗುರಾದರು ಅಂದುಕೊಂಡೆ. ಇಲ್ಲ. ಊಟಕ್ಕೆ ಕೂತಾಗ ಸಿಟ್ಟು ಬಂತು. ನಿಮಗೆ ಏನನ್ನೂ ಮುಚ್ಚಿಡುವುದಿಲ್ಲ ಎಂದುಕೊಂಡಿದ್ದೇನೆ, ಆದ್ದರಿಂದ ಬರೆಯುತ್ತೇನೆ. "ಆಯಮ್ಮ ಕರುಣೆಯಿಂದ ಬರೆದ್ರು, ಸರಿ. ಅದನ್ನ ಹೊತ್ತೋನು ನಾನು. ಅಮ್ಮ ಅದನ್ನ ನಂಬ್ಕೊಂಡೇ ಹೋದ್ಲು" ಎಂದರು. ಆದರೆ ಅವತ್ತು ಅವರು ತಟ್ಟೆ ಬಿಟ್ಟು ಏಳಲಿಲ್ಲ. ಸಿಟ್ಟಿನಲ್ಲೇ ಪೂರ್ತಿ ಉಂಡರು.

ಪ್ರಬಂಧದ ಕಥೆ ಕೇಳಿ. 'ಅವಿವೇಕ'ದ ವಾಕ್ಯ ಹೋಯಿತು, ಅಧ್ಯಾಯವೂ ಹೋಯಿತು. ಮಾರ್ಗದರ್ಶಕರು ತಲೆ ಮೇಲೆ ಕೈ ಹೊತ್ತು, "ಒಂದೇ ಆಧಾರ ಇತ್ತು, ಅದೂ ಹೋಯ್ತಲ್ಲಮ್ಮ" ಎಂದರು. ಹೋಗಿಲ್ಲ ಸಾರ್ ಎಂದೆ. ಗಾಳಿ ಬಿಸಿಲಿನಿಂದ ಎಷ್ಟು ಮಂದಿ ಗುಣವಾದರು ಎಂದು ಕೇಳಿದರೆ ಆ ಪುಸ್ತಕ ನಿರುಪಯೋಗಿ. ಮೂರು ವಾರದ ನಿಯಮ ಇದ್ದ ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಏನು ಮಾಡಬೇಕಾಯಿತು ಎಂದು ಕೇಳಿದರೆ ಅದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ. ಕೇಳುವ ಪ್ರಶ್ನೆಯನ್ನೇ ಬದಲಿಸುತ್ತಿದ್ದೇನೆ. ನಿಮ್ಮ ಗುರುತು ಎಲ್ಲೂ ಬರುವುದಿಲ್ಲ.

ಅಪ್ಪ ನಿಮಗೊಂದು ಪ್ರಶ್ನೆ ಕೇಳಿದ್ದಾರೆ. ಕೆಳಗಿನ ಸಾಲುಗಳು ಅವರ ಕೈಬರಹದವು.

ಸಿಸ್ಟರ್ ಅವರಿಗೆ. ಕರೆದುಕೊಂಡು ಹೋಗು ಅಣ್ಣ ಎಂದು ಅವಳೇ ಹಟ ಹಿಡಿದಳು. ವಾಸಿಯಾಗುತ್ತಿದೆ, ಅದಕ್ಕೆ ಮನೆಯ ನೆನಪಾಗಿದೆ ಎಂದು ನಾನು ತಿಳಿದೆ. ಅವಳಿಗೆ ತನ್ನ ಸ್ಥಿತಿ ಗೊತ್ತಿತ್ತೇ? ತಿಳಿಸಬೇಕು.


ಅಕ್ಟೋಬರ್ 1, 1993

ಹದಿನಾಲ್ಕನೇ ಹಾಸಿಗೆಯ ಅಣ್ಣನವರಿಗೆ,

ನಿಮ್ಮ ಸಿಟ್ಟು ನ್ಯಾಯವಾದದ್ದು. ಚೀಟಿ ಕೊಡುವಾಗ ನಿಮ್ಮನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಬಹುದಿತ್ತು. ಗೇಟಿನ ಕಾವಲಿನವನು ನೋಡುತ್ತಿದ್ದ ಎಂದು ಈ ತನಕ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವನು ಅವತ್ತು ಇದ್ದನೋ ಇಲ್ಲವೋ ನನಗೆ ನೆನಪಿಲ್ಲ. ಹೇಳಲಿಲ್ಲ, ಅಷ್ಟೇ. ತಪ್ಪಾಯಿತು.

ನೀವು ಕೇಳಿದ್ದಕ್ಕೆ ಉತ್ತರ ಬರೆಯಲು ಒಂಬತ್ತು ದಿನ ಹಿಡಿಯಿತು. ನಿಮ್ಮ ತಂಗಿಯ ತೂಕ ನೆನಪಿದೆ, ಮುಖ ನೆನಪಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಎಷ್ಟು ಮುಖಗಳು ಆ ವರಾಂಡದಲ್ಲಿ ಬಂದು ಹೋದವೋ. ನೆಮ್ಮದಿಯಾಗುವಂಥ ನಾಲ್ಕು ಮಾತು ಬರೆಯುವುದು ನನಗೆ ಕಷ್ಟವಲ್ಲ, ಕೈ ಪಳಗಿದೆ. ಬರೆಯುವುದಿಲ್ಲ.

ನೆನಪಿರುವುದು ಇಷ್ಟು. ಆ ವರ್ಷ ಒಬ್ಬ ಹುಡುಗಿ ಯಂತ್ರದಿಂದ ಇಳಿದು, ನಾನು ಬರೆಯುವುದನ್ನು ನನ್ನ ಭುಜದ ಮೇಲಿಂದ ಇಣುಕಿ ನೋಡಿದಳು. ಪುಸ್ತಕ ಮುಚ್ಚಲು ಹೋದೆ. ಅವಳು ನನ್ನ ಕಿವಿಯ ಹತ್ತಿರ ಬಂದು, "ಸಿಸ್ಟರ್, ಈ ವಾರ ಸ್ವಲ್ಪ ಇಳಿಸಿ ಬರೀರಿ. ಹಿಂಗೇ ಏರಿಸ್ತಾ ಹೋದ್ರೆ ಯಾರೂ ನಂಬಲ್ಲ" ಎಂದಳು. ನಾನು ಅಳಬೇಕೋ ನಗಬೇಕೋ ತಿಳಿಯದೆ ನಕ್ಕೆ. ಅವಳು ಹೇಳಿದಂತೆ ಅರ್ಧ ಪೌಂಡ್ ಇಳಿಸಿದೆ. ಆ ಹುಡುಗಿಗೆ ಎಲ್ಲವೂ ಗೊತ್ತಿತ್ತು.

ಅವಳು ನಿಮ್ಮ ತಂಗಿಯೇ? ಹದಿನಾಲ್ಕೋ, ಬೇರೆ ಯಾವ ಹಾಸಿಗೆಯೋ, ನಾನು ಆಣೆ ಇಟ್ಟು ಹೇಳಲಾರೆ. ಪುಸ್ತಕ ನಿಮ್ಮ ಮಗಳ ಹತ್ತಿರ ಇದೆ. ನೋಡಲಿ.

ಸಿಸ್ಟರ್


ಅಕ್ಟೋಬರ್ 17, 1993

ಪ್ರಿಯ ಸಿಸ್ಟರ್,

ನೋಡಿದೆ. ಆ ವರ್ಷ ಏರುತ್ತಿದ್ದ ಸಾಲುಗಳಲ್ಲಿ ಒಂದೇ ಒಂದು ವಾರ ಅರ್ಧ ಪೌಂಡ್ ಇಳಿದು ಮತ್ತೆ ಏರಿದ್ದು ಎರಡು ಕಡೆ ಇದೆ. ಒಂದು ಇಪ್ಪತ್ತೆರಡನೇ ಹಾಸಿಗೆ. ಇನ್ನೊಂದು ಹದಿನಾಲ್ಕು: ಅಕ್ಟೋಬರ್ 4ಕ್ಕೆ ತೊಂಬತ್ತೆರಡು, 11ಕ್ಕೆ ತೊಂಬತ್ತೊಂದೂವರೆ, 18ಕ್ಕೆ ತೊಂಬತ್ತಮೂರು. ಇಷ್ಟು ದಿನ ಆ ಪುಟ ನೋಡಿದ್ದರೂ ಮೊದಲ ಅಂಕಿ ಕೊನೆಯ ಅಂಕಿ ಬಿಟ್ಟು ನಡುವಿನದನ್ನು ನಾನು ಗಮನಿಸಿರಲೇ ಇಲ್ಲ.

ಇದನ್ನು ಪ್ರಬಂಧದಲ್ಲಿ ಹಾಕಿಲ್ಲ. ಇಬ್ಬರಲ್ಲಿ ಯಾರು ಎಂದು ಹೇಳುವ ಆಧಾರ ನನ್ನ ಬಳಿ ಇಲ್ಲ.

ನಿಮ್ಮ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಎರಡು ಹಾಸಿಗೆ ಇವೆ ಎನ್ನುವುದನ್ನೂ ಹೇಳಿದೆ. ಅವರ ಭುಜ ಕುಲುಕಿತು. ಅಳುತ್ತಿದ್ದಾರೆ ಎಂದುಕೊಂಡು ಹತ್ತಿರ ಹೋದೆ.

ನಗುತ್ತಿದ್ದರು. "ಅವಳೇ" ಎಂದರು. "ಇನ್ಯಾರು ಹಂಗೆ ಹೇಳ್ತಾರೆ? ಅವಳೇ."

ನಾನು ವಾದ ಮಾಡಲಿಲ್ಲ.